ಅರ್ಧ ವ್ಯಾಟ್ ಗಿಟಾರ್ ಆಂಪ್‌ಗೆ ಮೂರು ಸ್ಪೀಕರ್: ಗೆದ್ದದ್ದು ಗುಜರಿಯದು

ಮೊದಲೇ ಹೇಳಿಬಿಡುತ್ತೇನೆ. ನನ್ನ ಪುಟ್ಟ ಗಿಟಾರ್ ಆಂಪ್‌ನಲ್ಲಿ (ಗಿಟಾರಿನ ಸದ್ದು ಜೋರು ಮಾಡುವ ಆಂಪ್ಲಿಫೈಯರ್) ಈಗ ಹಾಡುತ್ತಿರುವುದು 120 ರೂಪಾಯಿಯ ಹಳೇ ಸ್ಪೀಕರ್. ಕೆಟ್ಟು ಮೂಲೆ ಸೇರಿದ್ದ ಯಾವುದೋ ರೇಡಿಯೋದಿಂದ ಬಿಚ್ಚಿದ್ದು. ಅದು ಸಿಗುವ ಮುಂಚೆ 900 ರೂಪಾಯಿ ಕೊಟ್ಟು ಕಾರ್ ಸ್ಪೀಕರ್ ತಂದು ಪೇಚಾಡಿದೆ. ಆ ಹೊಟ್ಟೆಯುರಿಗೇ ಇದನ್ನು ಬರೆಯುತ್ತಿರುವುದು.

ಆಂಪ್ ದೊಡ್ಡದೇನಲ್ಲ. ತುಮಕೂರಿನ ಎಸ್.ಎಸ್. ಪುರಂನಲ್ಲಿ ಬಾಡಿಗೆ ಮನೆ. ಕೆಳಗೆ ಓನರ್ ರಾತ್ರಿ ಒಂಬತ್ತಕ್ಕೆಲ್ಲ ಮಲಗುತ್ತಾರೆ. ಹಾಗಾಗಿ ಎಲ್‌ಎಂ 386 ಅನ್ನೋ ಎಂಟು ಕಾಲಿನ ಚಿಪ್, ಒಂದು 9 ವೋಲ್ಟ್ ಬ್ಯಾಟರಿ, ನಾಲ್ಕಾರು ಕೆಪಾಸಿಟರ್, ಅಷ್ಟೇ. 1ನೇ ಮತ್ತು 8ನೇ ಕಾಲಿನ ನಡುವೆ 10 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಹಾಕಿದರೆ ಗೇನ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತೆ ಅನ್ನೋದು, 20ರಿಂದ 200ಕ್ಕೆ ಏರುತ್ತದೆ. ಗಿಟಾರ್ ಒರಟಾಗಿ ಗುರುಗುಡುತ್ತದೆ. ನನಗೆ ಬೇಕಿದ್ದದ್ದೂ ಅದೇ. ಹೊರಬರುವ ಪವರ್ ಮಾತ್ರ ಅರ್ಧ ವ್ಯಾಟ್ ಆಸುಪಾಸು.

ಈಗ ಕಾರ್ ಸ್ಪೀಕರ್ ಕಥೆ. ಬಿ.ಎಚ್. ರಸ್ತೆಯ ಒಂದು ಅಂಗಡಿಯಲ್ಲಿ ತಗೊಂಡೆ. 4 ಇಂಚು, 4 ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ), ನಡುವೆ ಕೀರಲು ಸದ್ದಿಗೆಂದೇ ಇರುವ ಪುಟ್ಟ ಟ್ವೀಟರ್. ಒಂದೇ ಸಾಕು ಅಂದರೆ ಜೋಡಿಯಾಗಿಯೇ ಕೊಡೋದು ಅಂದರು. ಹಿಂದೆ 40 ವ್ಯಾಟ್ ಅಂತ ದಪ್ಪಕ್ಷರದಲ್ಲಿತ್ತು. ಅರ್ಧ ವ್ಯಾಟ್‌ಗೆ 40 ವ್ಯಾಟ್ ಸ್ಪೀಕರ್ ಅಂದರೆ ಮನೆ ಅದುರುತ್ತೆ ಅಂದುಕೊಂಡೆ!

ಅದುರಲಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಗುಸುಗುಸು ಮಾತಾಡಿದಷ್ಟು ಸದ್ದು. ಗೇನ್ ಏರಿಸಿದರೆ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ. ಬೆಸುಗೆ ಸರಿಯಿಲ್ಲ ಅಂದುಕೊಂಡು ಎರಡು ಸಲ ಬಿಚ್ಚಿ ಹಾಕಿದೆ. ಚಿಪ್ ಬದಲಾಯಿಸಿದೆ. ಹೊಸ ಬ್ಯಾಟರಿ ಹಾಕಿದೆ. ಜೋರಾಗಿ ಒಂದು ಕಾರ್ಡ್ (ಹಲವು ತಂತಿ ಒಟ್ಟಿಗೆ) ಹೊಡೆದರೆ ಸದ್ದು ಕುಸಿದು, ಮತ್ತೆ ನಿಧಾನಕ್ಕೆ ಮೇಲೇಳುತ್ತಿತ್ತು. ಚಿಪ್ ಮುಟ್ಟಿದರೆ ಬಿಸಿ.

ಕೊನೆಗೆ ಚಿಕ್ಕಪ್ಪನ ಹತ್ತಿರ ಹೋದೆ. ಇಲ್ಲಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿದ್ದವರು. ಸಣ್ಣ ಸಾಮಾನು ಹಿಡಿದರೆ ಈಗಲೂ ಕೈ ನಡುಗಲ್ಲ. ಸ್ಪೀಕರ್ ತಿರುಗಿಸಿ ನೋಡಿ ನಕ್ಕರು. "ಲೋ, ಆ ವ್ಯಾಟು ಎಷ್ಟು ತಡ್ಕೊಳುತ್ತೆ ಅಂತ ಕಣೋ. ಎಷ್ಟು ಕೂಗುತ್ತೆ ಅಂತಲ್ಲ" ಅಂದರು.

ಕೂಗೋದು ಎಷ್ಟು ಅಂತ ತಿಳಿಯಬೇಕಾದರೆ ಸೆನ್ಸಿಟಿವಿಟಿ ನೋಡಬೇಕು. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರಕ್ಕೆ ಎಷ್ಟು ಡೆಸಿಬಲ್ ಅನ್ನೋ ಲೆಕ್ಕ ಅದು. ಅಲ್ಲಿ 3 ಡೆಸಿಬಲ್ ಕಡಿಮೆ ಇದ್ದರೆ, ಅಷ್ಟೇ ಸದ್ದಿಗೆ ಎರಡು ಪಟ್ಟು ಪವರ್ ಬೇಕು. 6 ಕಡಿಮೆ ಇದ್ದರೆ ನಾಲ್ಕು ಪಟ್ಟು. ಅರ್ಧ ವ್ಯಾಟ್ ಇಟ್ಟುಕೊಂಡವನು ಎಲ್ಲಿಂದ ತರೋದು? ಕಾರ್ ಸ್ಪೀಕರ್‌ನ ಕೋನ್, ಅಂದರೆ ಅದುರಿ ಸದ್ದು ಮಾಡುವ ಭಾಗ, ಭಾರ; ಸುತ್ತ ರಬ್ಬರ್ ಅಂಚು. ಕಾರಿನ ಸ್ಟೀರಿಯೋ ಒದ್ದರೆ ಅದು ಚೆನ್ನಾಗಿಯೇ ಕುಣಿಯುತ್ತೆ. ನನ್ನ ಬಡ ಚಿಪ್‌ಗೆ ಅದನ್ನು ಅಲುಗಾಡಿಸೋದೇ ಕಷ್ಟ.

4 ಓಮ್‌ದು ಇನ್ನೊಂದು ತರಲೆ. ಕರೆಂಟ್ ಜಾಸ್ತಿ ಎಳೆಯುತ್ತೆ, ಆ ಚೌಕಾಕಾರದ ಸಣ್ಣ ಬ್ಯಾಟರಿ ಏದುಸಿರು ಬಿಡುತ್ತೆ. ಸದ್ದು ಕುಸಿಯುತ್ತಿದ್ದದ್ದು ಅದಕ್ಕೇ. ಸಾಲದ್ದಕ್ಕೆ ಚಿಪ್ ಮತ್ತು ಸ್ಪೀಕರ್ ನಡುವೆ ನಾನು ಹಾಕಿದ್ದು 220 ಮೈಕ್ರೋಫ್ಯಾರಡ್‌ನ ಕೆಪಾಸಿಟರ್. 8 ಓಮ್ ಆಗಿದ್ದರೆ ಸುಮಾರು 90 ಹರ್ಟ್ಸ್‌ನಿಂದ ಕೆಳಗೆ ಸದ್ದು ಇಳಿಯುತ್ತೆ. 4 ಓಮ್‌ಗೆ 180ರಿಂದಲೇ ಇಳಿಯೋಕೆ ಶುರು. ಗಿಟಾರಿನ ದಪ್ಪ ತಂತಿ ಇರೋದೇ 82 ಹರ್ಟ್ಸ್‌ನಲ್ಲಿ, ಬೇಸ್ ಎಲ್ಲಿಂದ ಬರಬೇಕು?

ಸಾಸಿವೆ ಸದ್ದಿಗೆ ಟ್ವೀಟರ್ ಕಾರಣ. ಗಿಟಾರ್ ಸ್ಪೀಕರ್‌ಗಳು 5 ಸಾವಿರ ಹರ್ಟ್ಸ್ ದಾಟಿದ ಮೇಲೆ ಹೆಚ್ಚೇನೂ ನುಡಿಯಲ್ಲ. ಡಿಸ್ಟಾರ್ಷನ್, ಅಂದರೆ ಆ ಒರಟು ಗುರುಗುಡುವಿಕೆ, ಕಿವಿಗೆ ಹಿತವಾಗಿರೋದು ಅದರಿಂದಲೇ. ಟ್ವೀಟರ್ ಮಾತ್ರ ಎಲ್ಲ ಕಸವನ್ನೂ ಹೊರಗೆ ಹಾಕುತ್ತೆ. ಒಂದರ ಟ್ವೀಟರ್ ತಂತಿ ಕತ್ತರಿಸಿದೆ. ಚಟಪಟ ನಿಂತಿತು, ಗುಸುಗುಸು ಉಳಿಯಿತು.

ನಡುವೆ ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಿಂದ 3 ಇಂಚಿನ 8 ಓಮ್ ಸ್ಪೀಕರ್ ತಂದೆ, 180 ರೂಪಾಯಿ. ಪರವಾಗಿಲ್ಲ. ಚಿಪ್ ಬಿಸಿಯಾಗಲಿಲ್ಲ, ಆದರೆ ಗಿಟಾರ್ ಫೋನಿನಲ್ಲಿ ಮಾತಾಡಿದ ಹಾಗೆ ಮೂಗಿನಲ್ಲಿ ಹಾಡುತ್ತೆ. ಬ್ಯಾಗಿನಲ್ಲಿ ಹಾಕ್ಕೊಂಡು ಓಡಾಡೋರಿಗೆ ಆಗಬಹುದು.

ಆಟಿಕೆಯ 2 ಇಂಚಿನದು ಬೇಡವೇ ಬೇಡ.

ಗೆದ್ದದ್ದು ಚಿಕ್ಕಪ್ಪನೇ ರಿಪೇರಿ ಅಂಗಡಿಯ ರಾಶಿಯಿಂದ ಹೆಕ್ಕಿಕೊಟ್ಟದ್ದು. 6 ಇಂಚು, 8 ಓಮ್, ತೆಳ್ಳನೆ ಕಾಗದದ ಕೋನ್, ಅಂಚೂ ಕಾಗದದ್ದೇ. ಎರಡೂ ಹೆಬ್ಬೆರಳಿಂದ ಮೆಲ್ಲಗೆ ಒತ್ತಿ, ಒಳಗೆ ಕರಕರ ಅನ್ನುತ್ತಾ ಅಂತ ಕಿವಿಗೊಟ್ಟರು. ಹಾಗೆ ಅಂದರೆ ಕೋನಿನ ಹಿಂದಿನ ತಂತಿಸುರುಳಿ (ಕಾಯಿಲ್) ಉಜ್ಜುತ್ತಿದೆ ಅಂತ, ಬಿಟ್ಟುಬಿಡಬೇಕು. ಇದು ಸುಮ್ಮನಿತ್ತು. ಅಂಚಿನಲ್ಲಿ ಸಣ್ಣ ಹರಕು, ಟಿಶ್ಯೂ ಕಾಗದಕ್ಕೆ ಫೆವಿಕಾಲ್ ಸವರಿ ಅಂಟಿಸಿದೆ.

ಮೇಜಿನ ಮೇಲೆ ಬರಿದೇ ಇಟ್ಟು ನುಡಿಸಿದಾಗ ಇದೂ ತೆಳ್ಳಗೇ ಕೇಳಿಸಿತು. ಕೋನಿನ ಮುಂದಿನ ಸದ್ದು, ಹಿಂದಿನ ಸದ್ದು ಒಂದನ್ನೊಂದು ತಿಂದುಹಾಕುತ್ತವೆ, ಬೇಸ್ ಹೋಗುತ್ತದೆ. ಪೆಟ್ಟಿಗೆಗೆ ಹಾಕದೆ ಯಾವ ಸ್ಪೀಕರನ್ನೂ ಬಯ್ಯಬೇಡಿ. ಟೀ ಪುಡಿ ಬರುವ ಪ್ಲೈವುಡ್ ಪೆಟ್ಟಿಗೆಗೆ ತೂತು ಕೊರೆದು ಕೂರಿಸಿದೆ, ಹಿಂಭಾಗ ಅರ್ಧ ತೆರೆದಿದೆ. ಚಿಪ್ಪೂ ಅದೇ, ವಾಲ್ಯೂಮೂ ಅಷ್ಟೇ. ಮೊದಲ ಕಾರ್ಡಿಗೇ ಕೆಳಗಿನಿಂದ ಓನರ್ ಆಂಟಿ "ಏನಪ್ಪಾ ಅದು?" ಅಂದರು. ಬ್ಯಾಟರಿ ಜಾಗಕ್ಕೆ ಆರು ಪೆನ್ಸಿಲ್ ಸೆಲ್ ಬಂದಿವೆ. ಅದೂ 9 ವೋಲ್ಟೇ, ಬಾಳಿಕೆ ಮಾತ್ರ ಜಾಸ್ತಿ.

ನಿಮ್ಮದು 10 ವ್ಯಾಟ್‌ನ ಆಂಪ್, ಜೇಬಿನಲ್ಲಿ ದುಡ್ಡೂ ಇದೆ ಅಂದರೆ ಗಿಟಾರ್‌ಗೆಂದೇ ಮಾಡಿದ 8 ಇಂಚಿನ ಸ್ಪೀಕರ್ ತಗೊಳ್ಳಿ. ನಾನು ರಾತ್ರಿ ಅರ್ಧ ಗಂಟೆ ನುಡಿಸುವವನು, ನನಗೆ ಗುಜರಿಯದೇ ಸಾಕು.

ಕಾರ್ ಸ್ಪೀಕರ್ ಜೋಡಿ ಈಗ ಪಕ್ಕದ ಮನೆಯ ಹುಡುಗನ ಗೂಡ್ಸ್ ಆಟೋದಲ್ಲಿ ಹಾಡುತ್ತಿದೆ. 500 ರೂಪಾಯಿ ಕೊಟ್ಟ. ಎಡಗಡೆಯದರ ಟ್ವೀಟರ್ ತಂತಿ ಕತ್ತರಿಸಿದ್ದೇನೆ ಅಂತ ಅವನಿಗಿನ್ನೂ ಹೇಳಿಲ್ಲ.