ಮೊದಲ ಸಲ ಸ್ಕೀಯಿಂಗ್: ಬಟ್ಟೆ ಬಾಡಿಗೆಗೋ, ಸೆಕೆಂಡ್ ಹ್ಯಾಂಡೋ, ಹೊಸದೋ?

ಒಂದು ಸಲ ಹೋಗಿ ನೋಡೋಣ ಅನ್ನುವವರಿಗೆ ಬಾಡಿಗೆಯೇ ಸರಿ. ಜಾಕೆಟ್, ಪ್ಯಾಂಟ್ ಎರಡೂ ಸಿಗುತ್ತವೆ. ಒಗೆದು ಒಣಗಿಸುವ ತಲೆನೋವಿಲ್ಲ.

ಮತ್ತೆ ಮತ್ತೆ ಹೋಗುವ ಆಸೆ ಇದ್ದರೆ ನನ್ನ ಮತ ಸೆಕೆಂಡ್ ಹ್ಯಾಂಡ್‌ಗೆ. ಒಳ್ಳೆಯ ಹಳೆ ಜಾಕೆಟ್ ಕಳಪೆ ಹೊಸದಕ್ಕಿಂತ ಎಷ್ಟೋ ವಾಸಿ. ಕೊಳ್ಳುವ ಮುಂಚೆ ಒಳಮೈ ತಿರುಗಿಸಿ ನೋಡಿ. ಹೊಲಿಗೆಯ ಮೇಲೆ ಅಂಟಿಸಿದ ಟೇಪ್ ಕಿತ್ತು ಬರುತ್ತಿದ್ದರೆ ಬಿಟ್ಟುಬಿಡಿ, ಅಲ್ಲಿಂದಲೇ ನೀರು ಒಳಗೆ ಇಳಿಯುತ್ತದೆ. ಹೊರಮೈ ಮೇಲೆ ನೀರು ಚಿಮುಕಿಸಿದಾಗ ಹನಿ ಜಾರದೆ ಬಟ್ಟೆ ಅದನ್ನು ಹೀರಿಕೊಂಡರೂ ಗಾಬರಿ ಬೇಡ. ಅದಕ್ಕೆಂದೇ ಸಿಗುವ ಸ್ಪ್ರೇ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಹೊಸದೇ ಬೇಕಾ? ಸೀಸನ್ ಮುಗಿಯುವಾಗ ಕೊಳ್ಳಿ. ಲೇಬಲ್‌ನಲ್ಲಿ ವಾಟರ್‌ಪ್ರೂಫ್ 10,000 ಮಿ.ಮೀ. (ಬಟ್ಟೆ ಎಷ್ಟು ನೀರಿನ ಒತ್ತಡ ತಡೆಯುತ್ತದೆ ಅನ್ನುವ ಅಳತೆ) ಅಂತಿದ್ದರೆ ಕಲಿಯುವವರಿಗೆ ಧಾರಾಳ ಸಾಕು. ಹಣ ಕಡಿಮೆ ಇದ್ದರೆ ಮೊದಲು ಪ್ಯಾಂಟಿಗೆ ಖರ್ಚು ಮಾಡಿ. ಕಲಿಯುವಾಗ ಬೀಳುವುದು ಜಾಸ್ತಿ, ಹಿಮದ ಮೇಲೆ ಕೂರುವುದೇ ಹೆಚ್ಚು ಅಲ್ವಾ?

ಯಾವುದನ್ನೇ ಆರಿಸಿ, ಒಳಗೆ ಹತ್ತಿ ಬಟ್ಟೆ ಬೇಡವೇ ಬೇಡ. ಬೆವರು ಹೀರಿ ಒದ್ದೆಯಾಗಿ ಮೈ ನಡುಗಿಸುತ್ತದೆ. ಜಿಮ್‌ಗೆ ಹಾಕುವ ಪಾಲಿಯೆಸ್ಟರ್ ಟೀ ಶರ್ಟ್, ಅದರ ಮೇಲೊಂದು ಫ್ಲೀಸ್ (ಮೆತ್ತನೆಯ, ಬೆಚ್ಚನೆಯ ಮೇಲಂಗಿ) ಹಾಕಿ. ಸುಮ್ನೆ ದುಬಾರಿ ಥರ್ಮಲ್‌ಗೆ ದುಡ್ಡು ಸುರಿಯಬೇಡಿ. ಹೆಲ್ಮೆಟ್ ಮಾತ್ರ ಹಳೆಯದು ಕೊಳ್ಳಲೇಬೇಡಿ, ಏಟು ಬಿದ್ದಿದ್ದರೂ ಹೊರಗೆ ಕಾಣದೆ ಇರಬಹುದು.