ಮನೆ ಹೊರಗಿನ ಫೈಬರ್: ಚಪ್ಪಟೆ ಡ್ರಾಪ್ ಕೇಬಲ್ಲಾ, ಆರ್ಮರ್ಡಾ?

ನನ್ನ ಓಟು ಆರ್ಮರ್ಡ್‌ಗೆ, ಅಂದ್ರೆ ಒಳಗೆ ಸ್ಟೀಲ್ ಕವಚ ಇರೋ ಕೇಬಲ್‌ಗೆ, ಮೊದಲೇ ಹೇಳ್ಬಿಡ್ತೀನಿ. ಬೆಂಗಳೂರು ವಿಜಯನಗರದ ನಮ್ಮನೆ ಎದುರು ಹೊಂಗೆ ಮರ ಇದೆ, ಅದರ ತುಂಬಾ ಅಳಿಲು, ಕಂಬದಿಂದ ಟೆರೇಸಿಗೆ ಬಂದು ಗೋಡೆ ಹಿಡ್ಕೊಂಡು ಕೆಳಗಿಳಿಯೋ ಕೇಬಲ್ಲು ಅವಕ್ಕೆ ಬೇವಿನ ಕಡ್ಡಿ ಇದ್ದಂಗೆ.

ಕನೆಕ್ಷನ್ ಕೊಟ್ಟೋರು ಎಳೆದಿದ್ದು ಮಾಮೂಲಿ ಕಪ್ಪು ಚಪ್ಪಟೆ ಕೇಬಲ್, ನಡುವೆ ಫೈಬರ್, ಆಕಡೆ ಈಕಡೆ ಎರಡು ಎಫ್‌ಆರ್‌ಪಿ (ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್) ಕಡ್ಡಿ. ಬಿಸಿಲಿಗೆ ಜಗ್ಗಲ್ಲ, ಎಳೆದ್ರೂ ತಡ್ಕೊಳ್ಳತ್ತೆ. ಹಲ್ಲಿಗೆ ಮಾತ್ರ ತಡ್ಕೊಳ್ಳಲ್ಲ.

ಕಚ್ಚೋದು ಹೋಗ್ಲಿ, ರಿಪೇರಿದೇ ದೊಡ್ಡ ತಲೆನೋವು. ಹುಡುಗ ಬರ್ತಾನೆ, ಫೈಬರ್ ಕರಗಿಸಿ ಜೋಡಿಸೋ ಸ್ಪ್ಲೈಸಿಂಗ್ ಮಷೀನ್ ಬೇರೆ ಏರಿಯಾದಲ್ಲಿದೆ ಸಾರ್ ಅಂತಾನೆ, ಕಚ್ಚಿದ ಜಾಗ ಕಟ್ ಮಾಡಿ ಎರಡೂ ತುದಿಗೆ ಮಷೀನಿಲ್ಲದೆ ಕೈಯಲ್ಲೇ ಹಾಕೋ ಫಾಸ್ಟ್ ಕನೆಕ್ಟರ್ ಹಾಕಿ ಕಪ್ಲರ್ ಸಿಕ್ಕಿಸಿ ಮೇಲೆ ಟೇಪ್ ಸುತ್ತಿ ಹೊರಟೇಬಿಡ್ತಾನೆ. ನೆಟ್ಟೇನೋ ಬರತ್ತೆ. ಆದ್ರೆ ರೂಟರ್ ಪೇಜಲ್ಲಿ -19 ಇದ್ದ ಆಪ್ಟಿಕಲ್ ಪವರ್ (ಫೈಬರಲ್ಲಿ ಬರೋ ಬೆಳಕಿನ ಬಲ, ಡೆಸಿಬೆಲ್ ಅಂದ್ರೆ ಡಿಬಿ ಲೆಕ್ಕದಲ್ಲಿ) -22 ಆಗಿರತ್ತೆ, 3 ಡಿಬಿ ಹೋಯ್ತು ಅಂದ್ರೆ ಅರ್ಧ ಬೆಳಕೇ ಹೋಯ್ತು ಅಂತ ಲೆಕ್ಕ. ಮಷೀನಲ್ಲಿ ಕರಗಿಸಿ ಜೋಡಿಸಿದ್ರೆ ಸಾಮಾನ್ಯವಾಗಿ 0.1 ಡಿಬಿ ಕೂಡ ಹೋಗಲ್ಲ. ಮನೇಲಿರೋ ಜಿಪಾನ್ ಡಬ್ಬ (ಫೈಬರ್ ಮೋಡೆಮ್) ಸುಮಾರು -27 ತನಕ ಎಳ್ಕೊಂಡು ಹೋಗತ್ತೆ ನಿಜ, ಆದ್ರೆ ಇನ್ನೊಂದು ಕಡೆ ಕಚ್ಚಿ ಇನ್ನೊಂದು ಜಾಯಿಂಟ್ ಬಿದ್ದು, ಮೇಲೆ ಮಳೆ ಬಂದು ಟೇಪೊಳಗೆ ನೀರಿಳಿದ್ರೆ ಸಿಗ್ನಲ್ಲೇ ಇಲ್ಲ ಅನ್ನೋ ಕೆಂಪು ಎಲ್‌ಓಎಸ್ ಲೈಟೇ ಗತಿ, ಅದೂ ಆಫೀಸ್ ಕಾಲ್ ಮಧ್ಯೆ.

ಎಫ್‌ಆರ್‌ಪಿ ಬದಲು ಉಕ್ಕಿನ ತಂತಿ ಇರೋ ಚಪ್ಪಟೆ ಕೇಬಲ್ಲೂ ಸಿಗತ್ತೆ. ಬೆಸ್ಕಾಂ ಕರೆಂಟ್ ಲೈನ್ ಪಕ್ಕದಲ್ಲೇ ಲೋಹ ಎಳ್ಕೊಂಡು ಮನೆಗೆ ತರೋದು ನಂಗೆ ಬೇಡಪ್ಪ.

ಅದಕ್ಕೇ ಕಂಬದಿಂದ ಟೆರೇಸ್ ತನಕ ಹಳೇ ಎಫ್‌ಆರ್‌ಪಿನೇ ಬಿಟ್ಟೆ, ಗಾಳಿಲಿ ತೂಗಾಡೋ ಭಾಗ ಅಳಿಲು ಮುಟ್ಟೇ ಇರ್ಲಿಲ್ಲ, ಕಚ್ಚಿದ್ದೆಲ್ಲ ಪ್ಯಾರಪೆಟ್ ಮೇಲೆ. ಅಲ್ಲಿಂದ ಕೆಳಕ್ಕೆ ಎಸ್‌ಪಿ ರೋಡಿಂದ ತಂದ ಆರ್ಮರ್ಡ್, ಒಳಗೆ ಸ್ಪ್ರಿಂಗ್ ತರ ಸುತ್ತಿರೋ ಸ್ಟೀಲ್ ಕೊಳವೆ. ಮೀಟರ್‌ಗೆ ಡಬಲ್‌ಗಿಂತ ಜಾಸ್ತಿ ರೇಟು. ಎರಡೂ ತುದಿಗೆ ಕನೆಕ್ಟರ್ ಇರೋದು ತಗೋಬೇಡಿ, ಗೋಡೆ ತೂತಲ್ಲಿ ತೂರಲ್ಲ. ಜಾಯಿಂಟ್ ಮಾತ್ರ ಮಷೀನ್ ತಂದ್ರೇನೇ ಕೆಲಸ ಅಂತ ಹಠ ಹಿಡಿದು ಮಾಡಿಸ್ಕೊಂಡೆ.

ಫೈಬರ್ ಚೆನ್ನಾಗಿ ಬಗ್ಗೋ ಜಾತಿ, ಅಂದ್ರೆ ಜಿ.657.ಎ2 ನಾ ಅಂತ ಕೇಳಿ. ಹಳೇ ಜಿ.652 ಗೆ 30 ಮಿ.ಮೀ. ತ್ರಿಜ್ಯದ ತಿರುವು ಬೇಕು, ಇದಕ್ಕೆ 7.5 ಸಾಕು, ಕಿಟಕಿ ಮೂಲೆಲೆಲ್ಲ ಆರಾಮಾಗಿ ಬಗ್ಗತ್ತೆ.

ಮುಂದೆ 10 ಜಿಬಿಪಿಎಸ್ ಬಂದ್ರೆ? ಆ ವೇಗ ಕೊಡೋ ಎಕ್ಸ್‌ಜಿಎಸ್-ಪಾನ್ ಓಡೋದೂ ಇದೇ ಎಳೆ ಮೇಲೆ, ಬೇರೆ ವೇವ್‌ಲೆಂತಲ್ಲಿ, ಬದಲಾಗೋದು ಎರಡೂ ತುದಿಯ ಡಬ್ಬ ಅಷ್ಟೇ. ಬೆಳಕನ್ನ ಗಾಳಿಯಲ್ಲೇ ಓಡಿಸೋ ಹಾಲೋ ಕೋರ್ ಫೈಬರ್ ಸದ್ಯಕ್ಕೆ ಡೇಟಾ ಸೆಂಟರ್‌ನೋರ ಚಿಂತೆ. ನಂದು ಸ್ವಂತ ಮನೆ, ವರ್ಕ್ ಫ್ರಮ್ ಹೋಮು, ಹಾಗಾಗಿ ಡಬಲ್ ಕೊಟ್ಟಿದ್ದು ದುಬಾರಿ ಅನ್ಸಲಿಲ್ಲ. ಬಾಡಿಗೆ ಮನೇಲಿದ್ದು ಎದುರಿಗೆ ಮರವೂ ಇಲ್ಲ ಅಂದ್ರೆ ಚಪ್ಪಟೆದೇ ಇರ್ಲಿ ಬಿಡಿ.