ತೊಟ್ಟಿ ಮನೆಗೆ ಸಿಮೆಂಟ್ ಹಾಕಿಸುವ ಮುಂಚೆ ನಮ್ಮ ಕಥೆ ಕೇಳಿ

ನಿಮ್ಮದು ಮರದ ಕಂಬ, ಮಣ್ಣಿನ ಗೋಡೆಯ ಹಳೇ ಮನೆಯೇ? ಯಾರಾದರೂ ಬಂದು "ಎಲ್ಲಾ ಗಟ್ಟಿ ಮಾಡಿಕೊಡ್ತೀನಿ ಸಾರ್" ಅಂದರೆ ಕೂಡಲೇ ಅಡ್ವಾನ್ಸ್ ಕೊಡಬೇಡಿ. ನಾವು ಕೊಟ್ಟೆವು.

ಮೈಸೂರಿನ ಅಗ್ರಹಾರದ ಹತ್ತಿರ ನಮ್ಮ ತಾತನ ಮನೆ. ಬೀದಿಗೆ ಜಗಲಿ, ಒಳಗೆ ತೊಟ್ಟಿ, ಅಂದರೆ ಮೇಲೆ ಸೂರಿಲ್ಲದ ನಡು ಅಂಗಳ, ತೊಟ್ಟಿಯ ನಾಲ್ಕು ಮೂಲೆಗೆ ನಾಲ್ಕು ತೇಗದ ಕಂಬ. ಕಂಬದ ಕೆಳಗೆ ಕಲ್ಲು, ಮೇಲೆ ಬೋದಿಗೆ ಅನ್ನುವ ಕೆತ್ತನೆಯ ಮರದ ತುಂಡು, ಅದರ ಮೇಲೆ ತೊಲೆ, ತೊಲೆ ಮೇಲೆ ಸೂರು ಹೊರುವ ಜಂತೆ. ಈ ಮನೆಗೆ ಒಂದೇ ಒಂದು ಮೊಳೆ ಹೊಡೆದಿಲ್ಲ ಅಂತ ತಾತ ಬಂದವರಿಗೆಲ್ಲ ಹೇಳುತ್ತಿದ್ದರು. ಬಾಗಿಲುಗಳಲ್ಲಿ ಬೇಕಾದಷ್ಟು ಮೊಳೆ ಇದ್ದವು. ತಾತ ಅವನ್ನು ಲೆಕ್ಕಕ್ಕೇ ತಗೊಳ್ಳುತ್ತಿರಲಿಲ್ಲ.

2012ರಲ್ಲಿ ನಮ್ಮೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರಲ್ಲ, ಅವತ್ತಿನಿಂದ ನಮ್ಮ ದೊಡ್ಡಪ್ಪನಿಗೆ ಸೂರು ನೋಡಿದರೇ ಭಯ. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಆಮೇಲೆ ಮಳೆ ಬಂದ ರಾತ್ರಿ ಅವರು ನಡುಮನೆಯಲ್ಲಿ ಮಲಗುವುದನ್ನೇ ಬಿಟ್ಟರು. ಅಂಥ ಹೊತ್ತಿಗೆ ಒಬ್ಬ ಕಂಟ್ರಾಕ್ಟರ್ ಮನೆಗೆ ಬಂದ. ಮಾತು ಚೆನ್ನಾಗಿತ್ತು. "ಮರದ ಮನೆ ನಂಬಬೇಡಿ ಸಾರ್, ಹಳೇ ಅರಮನೆ ಸುಟ್ಟುಹೋಗಿದ್ದು ಗೊತ್ತಲ್ವಾ?" ಅಂದ. ಅದು ಸುಳ್ಳಲ್ಲ. 1897ರಲ್ಲಿ ಮರದ ಅರಮನೆ ಸುಟ್ಟ ಮೇಲೇ ಈಗಿನ ಅರಮನೆ ಕಟ್ಟಿದ್ದು. ಆದರೆ ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ 1784ರದ್ದು. ಅದರ ಮರದ ಕಂಬಗಳು ಇವತ್ತಿಗೂ ನಿಂತಿವೆ. ಈ ಮಾತು ನನಗೆ ಹೊಳೆದಿದ್ದು ದುಡ್ಡು ಕೊಟ್ಟ ಮೇಲೆ.

ಮೂರು ವಾರದಲ್ಲಿ ಕೆಲಸ ಮುಗಿಸಿದ. ಹಳೇ ನೆಲದ ಮೇಲೆ 4 ಇಂಚು ಕಾಂಕ್ರೀಟ್, ಅದರ ಮೇಲೆ ಟೈಲ್ಸ್. ಗೋಡೆಯ ಸುಣ್ಣದ ಗಾರೆ ಕೆತ್ತಿ ಸಿಮೆಂಟ್ ಪ್ಲಾಸ್ಟರಿಂಗ್. ಕಂಬಕ್ಕೆ ಎರಡು ಕೋಟ್ ಪೇಂಟ್. ತಾರಸಿ ಮೇಲೆ 1000 ಲೀಟರ್ ಟ್ಯಾಂಕ್. ಮನೆ ಮದುವೆ ಛತ್ರದ ಹಾಗೆ ಹೊಳೆಯುತ್ತಿತ್ತು. ನಾವೂ ಖುಷಿಯಾಗಿ ಫೋಟೋ ತೆಗೆಸಿಕೊಂಡೆವು.

ಎರಡನೇ ಮಳೆಗಾಲಕ್ಕೆ ವಾಸನೆ ಶುರುವಾಯಿತು. ಒದ್ದೆ ಗೋಣಿಚೀಲದ ವಾಸನೆ. ಗೋಡೆ ಮೊಣಕಾಲೆತ್ತರಕ್ಕೆ ಉಬ್ಬಿತು. ಒಂದು ರಾತ್ರಿ "ಕಟಕ್" ಅಂತ ಸದ್ದು. ಬೆಳಿಗ್ಗೆ ನೋಡಿದರೆ ಅಡುಗೆಮನೆ ಕಡೆಯ ತೊಲೆ ಎರಡು ಬೆರಳು ಕೆಳಗೆ ಕೂತಿತ್ತು. ಕಂಟ್ರಾಕ್ಟರ್‌ಗೆ ಫೋನ್ ಮಾಡಿದೆವು. ಮೊದಲು "ನಾಳೆ ಬರ್ತೀನಿ" ಅಂದ. ಆಮೇಲೆ ಫೋನೇ ಎತ್ತಲಿಲ್ಲ.

ನಂಜನಗೂಡು ಕಡೆಯಿಂದ ಮರಗೆಲಸದ ವಯಸ್ಸಾದ ಆಚಾರರೊಬ್ಬರನ್ನು ಕರೆಸಿದೆವು. ಅವರು ಕಂಬವನ್ನು ಉಳಿಯ ಹಿಡಿಯಿಂದ ಕುಟ್ಟುತ್ತಾ ಬಂದರು. ಮೇಲೆ ಟಣ್ ಟಣ್. ಬುಡಕ್ಕೆ ಬಂದಾಗ ಡಬ್. ಉಳಿ ಇಟ್ಟು ಒತ್ತಿದರು. ಕಾಲು ಅಡಿ ಸಲೀಸಾಗಿ ಒಳಗೆ ಹೋಯಿತು. ಸುತ್ತಿಗೆ ಮುಟ್ಟಲೇ ಇಲ್ಲ. ಪೇಂಟ್ ಮಾತ್ರ ಹೊಚ್ಚ ಹೊಸದು.

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಕಂಬದ ಕೆಳಗಿನ ಕಲ್ಲು ಅಂದಕ್ಕಲ್ಲ. ಮರದ ಕೊಯ್ದ ತುದಿ ನೀರನ್ನು ಬತ್ತಿಯ ಹಾಗೆ ಹೀರುತ್ತದೆ. ಅದು ನೆಲಕ್ಕೆ ತಾಗಬಾರದು, ಸುತ್ತ ಗಾಳಿ ಆಡಬೇಕು ಅಂತಲೇ ಕಲ್ಲಿನ ಮೇಲೆ ಕೂರಿಸುತ್ತಿದ್ದರು. ನಮ್ಮವನು ಆ ಕಲ್ಲನ್ನೇ ಕಾಂಕ್ರೀಟಿನಲ್ಲಿ ಹೂತುಬಿಟ್ಟ. ತೊಟ್ಟಿಗೆ ಬಿದ್ದ ಮಳೆಯ ಎರಚಲು ಕಂಬದ ಸಂದಿಗೆ ಇಳಿಯಿತು. ಇಳಿದ ನೀರು ಆರುವುದಕ್ಕೆ ದಾರಿಯೇ ಇರಲಿಲ್ಲ.

ಗೋಡೆಯದೂ ಇದೇ ಪಾಡು. ಮಣ್ಣಿನ ಗೋಡೆ ನೆಲದ ತೇವ ಎಳೆದುಕೊಳ್ಳುತ್ತದೆ. ಸುಣ್ಣದ ಗಾರೆ ಇದ್ದರೆ ಅದು ಮೆಲ್ಲಗೆ ಆರಿಹೋಗುತ್ತದೆ. ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ. ತೇವ ಮೇಲೆ ಮೇಲೆ ಹತ್ತುತ್ತದೆ. ತಾರಸಿಗೆ ಟ್ಯಾಂಕ್ ಕೂರಿಸುವಾಗ ಬಿಟ್ಟ ಬಿರುಕಿನಿಂದ ಬೇರೆ ನೀರು ಇಳಿದಿತ್ತು. ತೊಲೆಯ ತುದಿ ಇರುವುದು ಗೋಡೆಯ ಒಳಗೆ, ಅಲ್ವಾ? ಅದು ಕೊಳೆಯುತ್ತಿದ್ದರೂ ಹೊರಗಿನಿಂದ ಕಾಣುವುದಿಲ್ಲ. ತೇವ ಇದ್ದ ಕಡೆ ಗೆದ್ದಲನ್ನು ಯಾರೂ ಕರೆಯಬೇಕಾಗಿಲ್ಲ. ಇದೆಲ್ಲದರ ತಲೆ ಮೇಲೆ ಟ್ಯಾಂಕ್ ಬೇರೆ. 1000 ಲೀಟರ್ ನೀರು ಅಂದರೆ ಒಂದು ಟನ್ ಭಾರ.

ಇನ್ನೊಂದು ಹೊಟ್ಟೆ ಉರಿಸುವ ವಿಷಯ. ಒಂದು ಬೋದಿಗೆ ಸೀಳಿದೆ ಅಂತ ಆ ಕಂಟ್ರಾಕ್ಟರ್ ಅದನ್ನು ತೆಗೆದು ಕಬ್ಬಿಣದ ತುಂಡು ಸಿಕ್ಕಿಸಿದ್ದ. ಹಳೇದನ್ನು "ಸೌದೆಗೆ" ಅಂತ ಆಟೋದಲ್ಲಿ ಹಾಕಿಕೊಂಡು ಹೋದ. ಕೆತ್ತನೆ ಇದ್ದ ತೇಗ ಅದು. ಯಾರ ಒಲೆಗೂ ಹೋಗಿರಲಿಕ್ಕಿಲ್ಲ. ನಿಮ್ಮ ಮನೆಯಿಂದ ಏನೇ ಬಿಚ್ಚಿದರೂ ಅದು ಹಿತ್ತಲಲ್ಲೇ ಇರಲಿ.

ಕೆಲಸ ಕೊಡುವ ಮುಂಚೆ ಕೇಳಿ: ಸುಣ್ಣದ ಗಾರೆ ಕಲಸುವುದು ಗೊತ್ತಾ? ಕಂಬದ ಕಲ್ಲು ಏನು ಮಾಡ್ತೀಯಾ? "ಸಿಮೆಂಟೇ ಗಟ್ಟಿ" ಅಂತ ಉತ್ತರ ಬಂದರೆ ಕಾಫಿ ಕೊಟ್ಟು ಕಳಿಸಿ. ಗಾರೆ ಕೆಲಸದವರಿಗಿಂತ ಮೊದಲು ಮರಗೆಲಸದವರಿಗೆ ತೋರಿಸಿ. ಯಾವ ಕಂಬ ಭಾರ ಹೊತ್ತಿದೆ ಅನ್ನುವುದು ಅವರಿಗೆ ಗೊತ್ತಾಗುತ್ತದೆ.

ಮೊದಲು ಕೊಟ್ಟಿದ್ದು 2 ಲಕ್ಷ 40 ಸಾವಿರ. ಈಗ ಅದನ್ನು ಕೀಳಿಸುವುದಕ್ಕೂ ಸರಿ ಮಾಡಿಸುವುದಕ್ಕೂ ಅದರ ಎರಡರಷ್ಟು ಆಗುತ್ತಿದೆ. ದೊಡ್ಡಪ್ಪ, ದೊಡ್ಡಮ್ಮ ಎದುರು ಬೀದಿಯಲ್ಲಿ ಬಾಡಿಗೆಗೆ ಇದ್ದಾರೆ. ತೊಲೆಗೆ ನೀಲಗಿರಿ ಮರದ ಆಸರೆ ಕೊಟ್ಟು ನಿಲ್ಲಿಸಿದ್ದೇವೆ. ಕೊಳೆತ ಬುಡ ಕೊಯ್ದು ಹೊಸ ಮರ ಕೂಡಿಸಬಹುದು, ಕಂಬ ಪೂರ್ತಿ ತೆಗೆಯಬೇಕಿಲ್ಲ ಅಂತ ಆಚಾರರು ಹೇಳಿದ್ದಾರೆ. ಹಿತ್ತಲ ಗುಂಡಿಯಲ್ಲಿ ಸುಣ್ಣ ನೆನೆಯುತ್ತಿದೆ. ದೊಡ್ಡಪ್ಪ ದಿನಾ ಬೆಳಿಗ್ಗೆ ಬಂದು ಅದಕ್ಕೆ ನೀರು ಹಾಕಿ ಹೋಗುತ್ತಾರೆ.